ಮಂಡಳಿಯ ಕುರ್ಚಿಯೂ ಯಡಹಳ್ಳಿಯ ಚಿಂಕಾರವೂ

ಊರಿನಲ್ಲಿ ಒಂದು ಸಾರ್ವಜನಿಕ ಸಂಸ್ಥೆ ಹುಟ್ಟಿತೆಂದರೆ, ಅದರ ಕಾರ್ಯಕ್ಕಿಂತ ಮೊದಲು ಸಿದ್ಧವಾಗುವದು ಅದರ ಪತ್ರಗಳ ಮೇಲೆ ಅಚ್ಚಾಗತಕ್ಕ ಹೆಸರುಗಳ ಯಾದಿ. ಅಧ್ಯಕ್ಷರು, ಉಪಾಧ್ಯಕ್ಷರು, ಗೌರವ ಕಾರ್ಯದರ್ಶಿಗಳು, ಕೋಶಾಧ್ಯಕ್ಷರು, ಸದಸ್ಯರು ಎಂದು ಗಣ್ಯ ಗೃಹಸ್ಥರೆಲ್ಲ ಅಲ್ಲಿ ಸಾಲುಗಟ್ಟಿ ನಿಲ್ಲುವರು. ಉದ್ಘಾಟನೆಯ ದಿನ ವ್ಯಾಸಪೀಠದ ಮೇಲೆ ಕಾಲಿಡಲು ಸ್ಥಳ ಸಾಲದು. ಎರಡನೆಯ ಸಭೆಗೆ ಅರ್ಧ ಜನ ಬರುವರು. ಮೂರನೆಯದಕ್ಕೆ ಕಾರ್ಯದರ್ಶಿಯೂ, ಬಾಗಿಲು ತೆರೆಯಬಂದ ಸಿಪಾಯಿಯೂ ಇಬ್ಬರೇ. ನಾಲ್ಕನೆಯ ಸಭೆಯನ್ನು ಕೂಡಿಸುವ ಗೊಡವೆಯೇ ಇಲ್ಲ. ಠರಾವಿನ ಪುಸ್ತಕವನ್ನು ಮನೆಮನೆಗೆ ಕಳುಹಿಸಿ, ಹೊಸ್ತಿಲಲ್ಲಿ ನಿಂತವರಿಂದಲೇ ಸಹಿ ಮಾಡಿಸಿ ತಂದರಾಯಿತು. ಇದು ಯಾವ ಒಂದು ಊರಿನ ಗುಟ್ಟೂ ಅಲ್ಲ, ಯಾವ ಒಂದು ಸಂಸ್ಥೆಯ ಮೇಲಿನ ದೂರೂ ಅಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಯಾವ ಸುಶಿಕ್ಷಿತ ಮನೆಯಲ್ಲಿ ಈ ಮಾತನ್ನೆತ್ತಿದರೂ ಹಿರಿಯರು ನಗುತ್ತ ಒಪ್ಪಿಕೊಳ್ಳುವರು. ಆ ನಗುವೇ ಈ ರೋಗದ ಮೊದಲನೆಯ ಲಕ್ಷಣವು.

ಬೇರೆ ಸಂಸ್ಥೆಗಳು ಈ ರೋಗವನ್ನು ಹೇಗೋ ಸಹಿಸಿ ಬದುಕಿಯಾವು. ಗ್ರಂಥಾಲಯದ ಮಂಡಳಿ ಹತ್ತು ವರ್ಷ ನಿದ್ದೆಹೋದರೆ ಗ್ರಂಥಗಳ ಮೇಲೆ ಧೂಳು ಕೂಡುವದು. ಹನ್ನೊಂದನೆಯ ವರ್ಷ ಒಬ್ಬ ಪುಣ್ಯಾತ್ಮನು ಬಂದು ಧೂಳು ಝಾಡಿಸಿದರೆ ಓದುವದಕ್ಕೆ ಅಡ್ಡಿಯಿಲ್ಲ. ಆದರೆ ನಿಸರ್ಗ ಶಿಕ್ಷಣ ಕೇಂದ್ರದ ಮಾತು ಹಾಗಲ್ಲ. ಮಕ್ಕಳನ್ನು ಬಯಲಿಗೆ ಕರೆದೊಯ್ದು ಗಿಡ, ಹಕ್ಕಿ, ಮಿಗ, ಮಣ್ಣು, ನೀರುಗಳ ಪರಿಚಯ ಮಾಡಿಸುವ ಇಂಥ ಕೇಂದ್ರಕ್ಕೆ ಸುತ್ತಲಿನ ಜೀವಕೋಟಿಯೇ ಗ್ರಂಥಭಂಡಾರ. ಅದರ ಪುಟಗಳಿಗೆ ಧೂಳು ಹಿಡಿಯುವದಿಲ್ಲ. ಅವು ಒಂದೊಂದಾಗಿ ಹರಿದುಹೋಗುವವು, ಹರಿದ ಮೇಲೆ ಮರುಮುದ್ರಣವಿಲ್ಲ. ಆದುದರಿಂದ ಈ ಪ್ರಾಂತದಲ್ಲಿ ಅಂಥದೊಂದು ಕೇಂದ್ರವನ್ನು ಜನರೇ ಕೂಡಿ ಕಟ್ಟಬೇಕೆನ್ನುವವರು, ಕಟ್ಟಡದ ನಕಾಶೆಗಿಂತ ಮೊದಲು, ಅದರ ಮಂಡಳಿಯಲ್ಲಿ ಕುಳ್ಳಿರತಕ್ಕವರು ಯಾರೆಂಬುದನ್ನು ನಿಶ್ಚಯಿಸಿಕೊಳ್ಳುವದು ಅವಶ್ಯವಾಗಿದೆ.

ಕೇಂದ್ರವೇಕೆ ಬೇಕು ಎಂದು ಕೇಳುವವರಿಗೆ ಉತ್ತರ ದೂರವಿಲ್ಲ. ಮುಧೋಳ ಬೀಳಗಿ ತಾಲೂಕುಗಳ ನಡುವೆ ಹಬ್ಬಿರುವ ಯಡಹಳ್ಳಿಯ ಕುರುಚಲು ಕಾಡನ್ನು ೨೦೧೬ರಲ್ಲಿ ಸರಕಾರವು ಚಿಂಕಾರ ಅಭಯಾರಣ್ಯವೆಂದು ಸಾರಿತು. ಅದರ ವಿಸ್ತಾರ ೯೬ ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಮುಂದೆ ೨೦೧೯ರಲ್ಲಿ ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದಲ್ಲಿ ಇಂಥದೇ ಮತ್ತೊಂದು ಅಭಯಾರಣ್ಯವಾಯಿತು. ಚಿಂಕಾರವು ಹುಲ್ಲೆಯ ಜಾತಿಯ ಮಿಗ. ಎತ್ತರ ಎರಡಡಿಗಿಂತ ಸ್ವಲ್ಪ ಮೇಲೆ, ತೂಕ ಸುಮಾರು ೨೩ ಕಿಲೋ. ಗಂಡಿನಂತೆ ಹೆಣ್ಣಿಗೂ ಕೊಂಬುಗಳುಂಟು. ಎಲೆ, ಹುಲ್ಲು, ಕಾಯಿಗಳ ರಸದಿಂದಲೂ ಇಬ್ಬನಿಯಿಂದಲೂ ಬೇಕಾದ ನೀರನ್ನು ಪಡೆದು, ಕೆರೆಬಾವಿಗಳ ಹಂಗಿಲ್ಲದೆ ಬಹುಕಾಲ ಬದುಕುವ ಸಾಮರ್ಥ್ಯ ಅದಕ್ಕಿದೆ. ರಾಜಸ್ಥಾನದ ಮರಳುಗಾಡಿನಲ್ಲಿ ಬಾಳುವ ಈ ಮಿಗವು ದಕ್ಷಿಣದಲ್ಲಿ ಕನ್ನಡ ನಾಡಿನವರೆಗೆ ಬಂದು ನಿಂತಿದೆ. ಅದರ ನೆರೆಯಲ್ಲಿಯೇ ತೋಳ, ನರಿ, ಕತ್ತೆಕಿರುಬಗಳ ಸಂಸಾರ. ಬರಗಾಲದ ಸೀಮೆಯಲ್ಲಿ ಬದುಕುವ ಬಗೆಯನ್ನು ಕಲಿಸಲು ಇದಕ್ಕಿಂತ ಹಿರಿಯ ಪಂಡಿತನೆಲ್ಲಿ ಸಿಕ್ಕಾನು?

ಆದರೆ ಆ ಪಂಡಿತನ ಹೆಸರು ನೆರೆಮನೆಯ ಎಷ್ಟು ಮಕ್ಕಳಿಗೆ ಗೊತ್ತು? ಮುಧೋಳದ ಬೇಟೆನಾಯಿಯ ಕೀರ್ತಿ ದೊಡ್ಡದು. ಘೋರ್ಪಡೆ ಅರಸರು ಅದನ್ನು ಸಾಕಿ ಬೆಳೆಸಿದ ಕಥೆಯನ್ನು ಹುಡುಗರೂ ಹೇಳಬಲ್ಲರು. ೨೦೦೫ರಲ್ಲಿ ಅದರ ಚಿತ್ರ ಅಂಚೆಯ ಚೀಟಿಯ ಮೇಲೆ ಬಂದಿತು. ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದವರು ಅದರ ತಳಿಯ ರಕ್ಷಣೆಗೆಂದೇ ಒಂದು ಸಂಶೋಧನ ಕೇಂದ್ರವನ್ನು ನಡೆಸುತ್ತಿರುವರು. ಒಳ್ಳೆಯದೇ ಆಯಿತು. ಆದರೆ ಬೆನ್ನಟ್ಟುವ ನಾಯಿಯ ಚಿತ್ರವನ್ನು ಗೋಡೆಗೆ ತೂಗಹಾಕಿ, ಅದರ ಮುಂದೆ ಓಡುವ ಮಿಗದ ಹೆಸರನ್ನು ಮರೆತ ನಾಡಿಗೆ ಏನೆನ್ನಬೇಕು? ಪರಿಸರದ ಪಾಠವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಹೇಳಬೇಕೆಂದು ಸುಪ್ರೀಂ ಕೋರ್ಟು ೧೯೯೧ರಲ್ಲಿಯೇ ವಿಧಿಸಿತು. ಪಾಠವೇನೋ ಪುಸ್ತಕದೊಳಗೆ ಬಂದಿತು. ಮಗುವು ಪುಸ್ತಕದಿಂದ ಹೊರಗೆ ಬಯಲಿಗೆ ಹೋಗಲು ಬಾಗಿಲು ಬೇಕು. ಆ ಬಾಗಿಲೇ ನಿಸರ್ಗ ಶಿಕ್ಷಣ ಕೇಂದ್ರ.

ಚಿಂಕಾರದ ವಿಷಯವಷ್ಟೇ ಅಲ್ಲ. ಕಬ್ಬಿನ ಗದ್ದೆಗೆ ವರ್ಷವಿಡೀ ನೀರು ನಿಲ್ಲಿಸಿ ಕೃಷ್ಣಾ-ಘಟಪ್ರಭಾ ತೀರದ ಕರಿಯ ಮಣ್ಣು ಎಷ್ಟೋ ಕಡೆ ಸವಳು-ಜವಳಾಗಿದೆ. ಉಪ್ಪು ಮೇಲೆದ್ದ ಹೊಲದಲ್ಲಿ ಬೀಜ ಮೊಳೆಯದು. ಆಲಮಟ್ಟಿಯ ಹಿನ್ನೀರು ಬೀಳಗಿ ಸೀಮೆಯ ಹಳ್ಳಿಗಳನ್ನು ಎಬ್ಬಿಸಿ ಬೇರೆಡೆಗೆ ಕಳುಹಿಸಿತು. ಹಳೆಯ ಹೊಲಗಳ ಮೇಲೆ ನಿಂತ ನೀರಿಗೆ ಈಗ ನೀರುಹಕ್ಕಿಗಳು ಇಳಿಯುವವು. ರಬಕವಿ-ಬನಹಟ್ಟಿಯ ನೇಕಾರರ ಮಗುವು ನೂಲಿನ ಬಣ್ಣದ ನೀರು ಎಲ್ಲಿಗೆ ಹರಿದುಹೋಗುವದೆಂದು ಕೇಳಿದರೆ ಹೇಳುವವರು ಬೇಕು. ಹೊಟ್ಟೆಯ ಅನ್ನಕ್ಕೂ ಕುಡಿಯುವ ನೀರಿಗೂ ಸಂಬಂಧಪಟ್ಟ ಈ ವಿದ್ಯೆಯನ್ನು ಶ್ರೀಮಂತರ ವಿನೋದವೆಂದು ಹಳಿಯುವವರು ಒಮ್ಮೆ ಸವಳು ಹತ್ತಿದ ಹೊಲದ ಒಡೆಯನನ್ನು ಮಾತಾಡಿಸಿ ಬರಲಿ.

ಇನ್ನು ಮಂಡಳಿಯ ವಿಷಯ. ಕರ್ನಾಟಕದ ೧೯೬೦ರ ಸಂಘಗಳ ನೋಂದಣಿ ಕಾಯಿದೆಯಂತೆ ಒಂದು ಸಂಘ ಕಟ್ಟಲು ಏಳು ಜನ ಸಾಕು. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಕೂಡಿಸಿ, ತನಿಖೆಯಾದ ಲೆಕ್ಕವನ್ನೂ ಮಂಡಳಿಯ ಯಾದಿಯನ್ನೂ ನೋಂದಣಿ ಅಧಿಕಾರಿಗೆ ಒಪ್ಪಿಸಬೇಕು. ಕಾಯಿದೆ ಕೇಳುವದು ಇಷ್ಟೇ. ಇಷ್ಟನ್ನು ಒಬ್ಬ ಗುಮಾಸ್ತನೂ ಒಬ್ಬ ಲೆಕ್ಕಿಗನೂ ಕೂಡಿ ಕಾಗದದ ಮೇಲೆಯೇ ಪೂರೈಸಬಹುದು. ಕಾಯಿದೆಯು ಮಂಡಳಿಗೆ ದೇಹವನ್ನು ಕೊಡಬಲ್ಲದು, ಪ್ರಾಣವನ್ನು ಕೊಡಲಾರದು.

ಸಂಶಯವಿದ್ದವರು ಜೀವವೈವಿಧ್ಯ ನಿರ್ವಹಣ ಸಮಿತಿಗಳ ಚರಿತ್ರೆಯನ್ನು ನೋಡಲಿ. ಪ್ರತಿಯೊಂದು ಸ್ಥಾನಿಕ ಸಂಸ್ಥೆಯೂ ಇಂಥ ಸಮಿತಿಯನ್ನು ನೇಮಿಸಬೇಕೆಂದು ೨೦೦೨ರ ಕಾಯಿದೆ ವಿಧಿಸಿತು. ೨೦೦೪ರ ನಿಯಮಗಳು, ಸದಸ್ಯರಲ್ಲಿ ಮೂರನೆಯ ಒಂದು ಪಾಲಾದರೂ ಸ್ತ್ರೀಯರಿರಬೇಕೆಂದವು. ಊರಿನ ಗಿಡಮೂಲಿಕೆ, ತಳಿ, ಪ್ರಾಣಿಪಕ್ಷಿಗಳನ್ನೆಲ್ಲ ಬಲ್ಲವರಿಂದ ಕೇಳಿ ಜನತಾ ದಾಖಲೆಯನ್ನು ಬರೆಯಿಸಬೇಕೆಂದವು. ಕಲ್ಪನೆ ಎಷ್ಟು ಉದಾತ್ತವಾದದ್ದು! ನಡೆದದ್ದೇನು? ಹದಿನೇಳು ವರ್ಷಗಳಾದರೂ ದೇಶದಲ್ಲಿ ಕೆಲಸ ಮುಗಿಯದ್ದನ್ನು ಕಂಡು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೧೯ರಲ್ಲಿ ಗಡುವು ಹಾಕಿ, ೨೦೨೦ರ ಜನವರಿಯೊಳಗಾಗಿ ಪೂರೈಸದ ರಾಜ್ಯಗಳು ತಿಂಗಳಿಗೆ ಹತ್ತು ಲಕ್ಷ ರೂಪಾಯಿ ತೆರಬೇಕಾದೀತೆಂದು ಎಚ್ಚರಿಸಿತು. ದಂಡದ ಭಯದಿಂದ ಸಮಿತಿಗಳು ಮಳೆಗಾಲದ ಅಣಬೆಗಳಂತೆ ಎದ್ದವು. ತಾನು ಸದಸ್ಯನೆಂಬುದನ್ನೇ ಅರಿಯದ ಸದಸ್ಯನಿಂದ ಊರಿನ ಯಾವ ಗಿಡಕ್ಕೆ ರಕ್ಷಣೆ ದೊರೆತೀತು? ಗಡುವಿಗೆ ಹುಟ್ಟಿದ ಮಂಡಳಿಯು ಗಡುವಿನೊಡನೆಯೇ ಮುಗಿಯುವದು.

"ಇದೆಲ್ಲ ಅರಣ್ಯ ಇಲಾಖೆಯ ಕೆಲಸ, ಗೃಹಸ್ಥರು ಏಕೆ ತಲೆಹಾಕಬೇಕು?" ಎಂಬುದು ಮೊದಲನೆಯ ಆಕ್ಷೇಪ. ಇದಕ್ಕೆ ಕಾಯಿದೆಯೇ ಉತ್ತರ ಕೊಟ್ಟಿದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೨೦೦೨ರಲ್ಲಿ ಆದ ತಿದ್ದುಪಡಿಯಂತೆ, ಅಭಯಾರಣ್ಯದ ಸಲಹಾ ಸಮಿತಿಯಲ್ಲಿ ಅಧಿಕಾರಿಗಳಲ್ಲದೆ ಶಾಸಕರೂ, ಪಂಚಾಯತಿಗಳ ಮೂವರೂ, ಸರಕಾರೇತರ ಸಂಘಗಳ ಇಬ್ಬರೂ, ವನ್ಯಜೀವಿಗಳ ರಕ್ಷಣೆಯಲ್ಲಿ ಸ್ವತಃ ದುಡಿಯುವ ಮೂವರೂ ಇರತಕ್ಕದ್ದು. ಸರಕಾರವೇ ಜನರಿಗಾಗಿ ಕುರ್ಚಿ ತೆಗೆದಿಟ್ಟಿರುವಾಗ, ಬಾಗಿಲ ಹೊರಗೆ ನಿಂತು "ಅದು ಸರಕಾರದ ಮನೆ" ಎನ್ನುವದು ಸೋಮಾರಿತನಕ್ಕೆ ವಿನಯದ ಶಾಲು ಹೊದಿಸಿದಂತೆ. ಇಲಾಖೆಯು ಬೇಲಿಯನ್ನು ಕಾಯಬಹುದು. ಬೇಲಿಯಾಚೆಯ ಹಳ್ಳಿಯ ಮಗುವಿನ ಮನಸ್ಸಿನಲ್ಲಿ ಅಕ್ಕರೆಯನ್ನು ಬಿತ್ತುವದು ನೆರೆಹೊರೆಯವರ ಕೆಲಸ. ಅಧಿಕಾರಿಗೆ ವರ್ಗವಾಗುವದು, ನೆರೆಹೊರೆಗೆ ವರ್ಗವಿಲ್ಲ.

"ದೊಡ್ಡವರ ಹೆಸರಿದ್ದರೆ ಹಣ ಬರುವದು" ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಸತ್ಯಾಂಶವುಂಟು. ಕೇಂದ್ರಕ್ಕೆ ಹಣ ಬೇಕು. ಹಣವುಳ್ಳವರ ಆದರ ಬೇಕು. ವ್ಯವಸಾಯದ ಒತ್ತಡದಿಂದ ವೈದ್ಯರಿಗೋ ವಕೀಲರಿಗೋ ಕಾರಖಾನೆಯ ಒಡೆಯರಿಗೋ ಬಿಡುವಿಲ್ಲದಿದ್ದರೆ ಅದು ದೋಷವೂ ಅಲ್ಲ. ಅಂಥವರು ಪೋಷಕರಾಗಲಿ, ಅವರ ಹೆಸರನ್ನು ಕೇಂದ್ರದ ಬಾಗಿಲಲ್ಲಿ ಕಲ್ಲಿನ ಮೇಲೆ ಕೆತ್ತಿಸಲಿ, ಜನರು ಕೃತಜ್ಞತೆಯಿಂದ ಓದುವರು. ಆದರೆ ಪೋಷಕನು ಬೇರೆ, ಮಂಡಳಿಯ ಸದಸ್ಯನು ಬೇರೆ. ಪೋಷಕನು ಕೊಡುವದು ಹಣವನ್ನು. ಸದಸ್ಯನು ಕೊಡತಕ್ಕದ್ದು ಹೊತ್ತನ್ನು. ಹೊತ್ತನ್ನು ಕೊಡಲಾರದವನು ಕುರ್ಚಿಯಲ್ಲಿ ಕುಳಿತರೆ, ಕೊಡಬಲ್ಲವನೊಬ್ಬನ ಸ್ಥಳವನ್ನು ಕಸಿದುಕೊಂಡಂತೆ. ಈ ಒಂದು ವಿವೇಕ ನೆಲೆಗೊಂಡರೆ ಈ ಪ್ರಾಂತದ ಸಂಸ್ಥೆಗಳ ಅರ್ಧ ರೋಗ ವಾಸಿಯಾದೀತು.

ಮೂರನೆಯ ಆಕ್ಷೇಪವನ್ನು ಜನರು ಬಾಯಿಬಿಟ್ಟು ಆಡುವದಿಲ್ಲ. ಸದಸ್ಯರ ಯಾದಿಯೇ ಆಡಿ ತೋರಿಸುವದು. ಕುರಿಗಾರನಿಗೇನು ತಿಳಿಯುವದು? ಕೂಲಿಯ ಹೆಣ್ಣುಮಗಳು ಮಂಡಳಿಯಲ್ಲಿ ಕುಳಿತು ಏನು ಮಾಡಿಯಾಳು? ಈ ಪ್ರಶ್ನೆ ಬೇರೆಲ್ಲಿಯಾದರೂ ಏಳಲಿ, ಮುಧೋಳದ ನೆಲದಲ್ಲಿ ಏಳಬಾರದು. ಹತ್ತನೆಯ ಶತಮಾನದಲ್ಲಿ ಈ ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಚಾಲುಕ್ಯ ಚಕ್ರವರ್ತಿಯ ಸಭೆಯಲ್ಲಿ ಕವಿಚಕ್ರವರ್ತಿಯಾದನು. ಬಳೆಯ ಮಲಾರ ಹೊತ್ತ ಮನೆಯಿಂದ ಮಹಾಕವಿ ಬರಬಹುದಾದರೆ, ಕಂಬಳಿ ಹೊದ್ದ ಹೆಗಲಿನ ಮೇಲೆ ವಿದ್ಯೆ ಇರಲಾರದೆಂದು ಹೇಳುವವರಾರು? ತೋಳದ ಹೆಜ್ಜೆಗೂ ನಾಯಿಯ ಹೆಜ್ಜೆಗೂ ಇರುವ ಅಂತರವನ್ನು ಕುರಿಗಾರನು ಕುರಿಯ ಬೆಲೆ ತೆತ್ತು ಕಲಿತಿರುವನು. ಯಾವ ತಿಂಗಳಲ್ಲಿ ಯಾವ ಗಿಡ ಚಿಗುರುವದು, ಯಾವ ಸೊಪ್ಪು ಔಷಧಿಗಾಗುವದು ಎಂಬುದನ್ನು ಹೊಲದ ಹೆಣ್ಣುಮಗಳು ಬಲ್ಲಳು. ಇವರಿಬ್ಬರೂ ಇಲ್ಲದ ಮಂಡಳಿಯು ಅಕ್ಷರ ಬಲ್ಲದ್ದಿರಬಹುದು. ನಿಸರ್ಗದ ಮಟ್ಟಿಗೆ ಅದು ನಿರಕ್ಷರವೇ.

ಬಲ್ಲವರಿಲ್ಲದ ಮಂಡಳಿಯು ಮಾಡುವ ಅನರ್ಥಕ್ಕೆ ಒಂದು ನಿದರ್ಶನ ಸಾಕು. ನಿಸರ್ಗವೆಂದೊಡನೆ ಸಭಿಕರಿಗೆ ನೆನಪಾಗುವದು ಸಸಿ ನೆಡುವ ಸಮಾರಂಭ. ಕುಣಿ ತೋಡಿ, ಸಸಿಯಿಟ್ಟು, ನೀರು ಹನಿಸಿ, ಚಿತ್ರ ತೆಗೆಯಿಸಿಕೊಂಡರೆ ಪ್ರಕೃತಿಯ ಸಾಲ ತೀರಿತೆಂಬ ಭ್ರಮೆ. ಆದರೆ ಚಿಂಕಾರಕ್ಕೆ ಬೇಕಾದದ್ದು ಕುರುಚಲು ಗಿಡ, ಹುಲ್ಲು, ದೂರದ ವೈರಿಯನ್ನು ಕಾಣಬಲ್ಲ ತೆರೆದ ಬಯಲು. ಸರಕಾರದ ದಫ್ತರಗಳು ಬೀಳೆಂದು ಬರೆದದ್ದೇ ಅದಕ್ಕೆ ಸಿರಿಭೂಮಿ. ರಾಣೇಬೆನ್ನೂರಿನ ಬಯಲು ೧೯೭೪ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವಾಯಿತು. ಒಂದು ಕಾಲಕ್ಕೆ ಅಲ್ಲಿ ಎರೆಭೂತವೆಂಬ ಹಿರಿಯ ಹಕ್ಕಿಯೂ ಕಾಣಸಿಗುತ್ತಿತ್ತು. ಈಗ ಅದು ಅಲ್ಲಿಲ್ಲ. ಹುಲ್ಲುಗಾವಲಿನ ಮೇಲೆ ನೀಲಗಿರಿಯ ತೋಪುಗಳು ಎದ್ದದ್ದು ಅದರ ಕಾರಣಗಳಲ್ಲೊಂದು. ಹಸುರು ಮಾಡುವ ಉತ್ಸಾಹದಲ್ಲಿಯೇ ಬಯಲಿನ ಜೀವಿಗೆ ಮನೆಯಿಲ್ಲದಾಯಿತು. ನಾಳೆ ಯಡಹಳ್ಳಿಯ ಅಂಚಿನಲ್ಲಿ ಹತ್ತು ಸಾವಿರ ಸಸಿ ನೆಡೋಣವೆಂಬ ಸೂಚನೆ ಸಭೆಯ ಮುಂದೆ ಬಂದಾಗ, ಕೈಯೆತ್ತಿ "ಇಲ್ಲಿ ಬೇಡ" ಎನ್ನುವ ಒಬ್ಬ ಸದಸ್ಯನಾದರೂ ಇರಬೇಕಷ್ಟೆ? ಎಲ್ಲರೂ ಚಪ್ಪಾಳೆ ತಟ್ಟುವ ಠರಾವಿಗೆ ಅಡ್ಡ ನಿಲ್ಲುವ ಧೈರ್ಯವೂ ಆ ಕುರ್ಚಿಯ ಕರ್ತವ್ಯಗಳಲ್ಲೊಂದು.

"ಕೂಲಿಯಿಲ್ಲದೆ ಈ ಕಾಲದಲ್ಲಿ ಯಾರು ದುಡಿಯುವರು?" ಎಂದು ನಿಟ್ಟುಸಿರಿಡುವವರು ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಗೆ ಹೋಗಿ ಬರಬೇಕು. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಬೆಳೆ ಒಣಗುವದನ್ನು ಕಂಡು ಬೇಸತ್ತ ರೈತರು, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ಕೃಷ್ಣಾ ತೀರ ರೈತ ಸಂಘವನ್ನು ಕಟ್ಟಿದರು. ತಮ್ಮದೇ ವರ್ಗಣಿ, ತಮ್ಮದೇ ಶ್ರಮದಾನ. ೧೯೮೯ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜು ನಿಂತಿತು. ಶ್ರಮಬಿಂದು ಸಾಗರವೆಂಬ ಹೆಸರೂ ಅದಕ್ಕೆ ಸಾರ್ಥಕವಾಯಿತು. ಮುಂದಾಳು ೧೯೯೧ರಲ್ಲಿ ಲೋಕಸಭೆಗೆ ಆರಿಸಿಹೋದರು, ೨೦೧೮ರಲ್ಲಿ ಅಪಘಾತದಲ್ಲಿ ತೀರಿಕೊಂಡರು; ನೀರು ಮಾತ್ರ ನಿಂತಿದೆ. ಆ ಸಂಘದ ಬಲವಿದ್ದದ್ದು ಕಲ್ಲು ಹೊತ್ತ ಕೈಗಳಲ್ಲಿ, ಅಚ್ಚಾದ ಹೆಸರುಗಳಲ್ಲಲ್ಲ. ನದಿಯನ್ನೇ ನಿಲ್ಲಿಸಿದ ಜನರಿಗೆ ತಿಂಗಳಿಗೊಂದು ಸಭೆಯಲ್ಲಿ ಕುಳಿತುಕೊಳ್ಳುವದು ಅಸಾಧ್ಯವೇ?

ಬ್ಯಾರೇಜಿನಿಂದ ಹೊಲಕ್ಕೆ ನೀರು ಬರುವದು, ಚಿಂಕಾರದಿಂದ ಬರುವದೇನು ಎಂದು ಯಾರಾದರೂ ಕೇಳಿಯಾರು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನವರು ಇದಕ್ಕೆ ಮರುಮಾತು ಹೇಳುವರು. ಊರ ನಡುವಣ ಹುಣಸೆಯ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟಿದರೆ ಹುಣಸೆಯ ಫಲಕ್ಕೆ ಹಾನಿ. ಆದರೂ ಊರವರು ಆ ಹಕ್ಕಿಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಂಡರು. ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರೂ ಊರಿನ ತರುಣರ ಹೆಜ್ಜಾರ್ಲೆ ಬಳಗವೂ ಕೂಡಿ, ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕಿ ಹಾರಿಬಿಟ್ಟರು. ೨೦೦೭ರಲ್ಲಿ ಆ ಊರು ಸಮುದಾಯದ ಸಂರಕ್ಷಿತ ಪ್ರದೇಶವಾಯಿತು. ಹಾಗೆಯೇ ಈ ಪ್ರಾಂತವು ಬಹುಕಾಲ ಸೇರಿದ್ದ ಮುಂಬಯಿಯಲ್ಲಿ, ೧೮೮೩ರಲ್ಲಿ ಎಂಟು ಜನ ನಿಸರ್ಗಪ್ರಿಯರು ಕೂಡಿ ನಿಸರ್ಗೇತಿಹಾಸ ಸಂಘವನ್ನು ಹುಟ್ಟಿಸಿದರು. ಅವರಲ್ಲಿ ಇಬ್ಬರು ಭಾರತೀಯ ವೈದ್ಯರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದವರನ್ನು ಜನರು ಸಪ್ತರ್ಷಿಗಳೆಂದು ಇಂದಿಗೂ ನೆನೆಯುವರು. ಎಂಟು ಜನ, ಏಳು ಜನ! ಕೆಲಸ ಮಾಡುವ ಮಂಡಳಿಗೆ ಸಂಖ್ಯೆ ಎಂದೂ ದೊಡ್ಡದಾಗಿರಲಿಲ್ಲ.

ಆದುದರಿಂದ ಯಡಹಳ್ಳಿಯ ಸೆರಗಿನಲ್ಲಿ ನಾಳೆ ಏಳಬೇಕಾದ ಕೇಂದ್ರಕ್ಕೆ ಕೆಲವು ಕಟ್ಟುಗಳನ್ನು ಇಂದೇ ಹಾಕಿಕೊಳ್ಳುವದು ಮೇಲು. ಸದಸ್ಯರು ಏಳರಿಂದ ಹನ್ನೊಂದರೊಳಗೆ ಇರಲಿ. ನಾಲ್ಕು ತಾಲೂಕುಗಳಿಗೂ ಸ್ಥಳವಿರಲಿ. ಮೂವರಲ್ಲಿ ಒಬ್ಬರಾದರೂ ಸ್ತ್ರೀಯರಿರಲಿ. ಕುರಿಗಾರನೊಬ್ಬನು, ಒಕ್ಕಲಿಗನೊಬ್ಬನು, ನೇಕಾರನೊಬ್ಬನು, ಶಾಲೆಯ ಶಿಕ್ಷಕರಿಬ್ಬರು ತಪ್ಪದೆ ಇರಲಿ. ಕಾರಣ ತಿಳಿಸದೆ ಮೂರು ಸಭೆ ತಪ್ಪಿಸಿದವರ ಕುರ್ಚಿ ತಾನಾಗಿ ಬರಿದಾಗಲಿ, ಅವರು ಎಂಥ ಗಣ್ಯರೇ ಆಗಿರಲಿ. ಮೂರು ವರ್ಷಕ್ಕೊಮ್ಮೆ ಮೂರನೆಯ ಒಂದು ಪಾಲು ಹೊಸಬರಾಗಲಿ. ಸದಸ್ಯರಾಗಲಿ ಅವರ ಬಂಧುಗಳಾಗಲಿ ಕೇಂದ್ರದ ಕಟ್ಟಡ, ವಾಹನ, ಮುದ್ರಣಗಳ ಗುತ್ತಿಗೆಯನ್ನು ಮುಟ್ಟದಿರಲಿ. ಜಮಾಖರ್ಚನ್ನು ಪ್ರತಿ ತಿಂಗಳೂ ಬಾಗಿಲ ಬಳಿಯ ಹಲಗೆಯ ಮೇಲೆ ಬರೆದು ತೂಗಹಾಕಲಿ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಬ್ಬ ಸದಸ್ಯನೂ ತಿಂಗಳಿಗೊಂದು ಮುಂಜಾವು ಮಕ್ಕಳ ಜೊತೆಗೆ ಬಯಲಿನಲ್ಲಿ ನಡೆಯಲಿ. ಮಕ್ಕಳ ಬಾಯಾರಿಕೆಯನ್ನು ಕಾಣದವನು ನೀರಿನ ಖರ್ಚಿಗೆ ಮಂಜೂರಿ ಕೊಡುವದು ಹೇಗೆ? ಬಿಸಿಲಿನಲ್ಲಿ ನಿಲ್ಲದವನು ನೆರಳಿನ ಠರಾವು ಬರೆಯುವದು ಹೇಗೆ?

ಇದರಲ್ಲಿ ಕೀರ್ತಿಯಿಲ್ಲವೆಂಬುದು ನಿಜ. ಲೆಕ್ಕದ ಪುಸ್ತಕವನ್ನು ಸಾಲುಸಾಲಾಗಿ ನೋಡುವದು, ಕಲಿಸುವ ತರುಣನ ಸಂಬಳ ತಿಂಗಳ ಮೊದಲ ವಾರದಲ್ಲಿ ತಲುಪಿತೇ ಎಂದು ವಿಚಾರಿಸುವದು, ಹೆಣ್ಣುಮಕ್ಕಳಿಗೆ ಶೌಚದ ಅನುಕೂಲತೆ ಇದೆಯೇ ಎಂದು ಹೋಗಿ ನೋಡುವದು, ಹಾವು ಕಚ್ಚಿದರೆ ಮಗುವನ್ನು ಯಾವ ಆಸ್ಪತ್ರೆಗೆ ಎಷ್ಟು ಹೊತ್ತಿನಲ್ಲಿ ಒಯ್ಯಬಹುದೆಂದು ಮೊದಲೇ ಗೊತ್ತುಮಾಡಿಡುವದು, ಇವಾವುದರ ಚಿತ್ರವೂ ಪತ್ರಿಕೆಯಲ್ಲಿ ಬಾರದು. ಆದರೆ ಕಾಯಕವೆಂಬ ಮಾತನ್ನು ದಿನಕ್ಕೆ ಹತ್ತು ಸಲ ಉಚ್ಚರಿಸುವ ನಾಡು ಇದು. ಹಾರವಿಲ್ಲದ, ವೇದಿಕೆಯಿಲ್ಲದ ಕೆಲಸಕ್ಕೇ ಆ ಮಾತು ಸಲ್ಲುವದೆಂಬುದನ್ನು ಮರೆತರೆ, ಉಚ್ಚಾರವಷ್ಟೇ ಉಳಿದೀತು.

ಸುಶಿಕ್ಷಿತ ಕುಟುಂಬಗಳು ತಮ್ಮ ತಮ್ಮ ಮನೆಯಲ್ಲಿಯೇ ಒಮ್ಮೆ ಎಣಿಸಿ ನೋಡಲಿ. ನಿವೃತ್ತರಾದ ಶಿಕ್ಷಕರು, ಮಕ್ಕಳು ದೊಡ್ಡವರಾಗಿ ಬಿಡುವು ಸಿಕ್ಕ ತಾಯಂದಿರು, ಬ್ಯಾಂಕಿನಲ್ಲಿ ಲೆಕ್ಕ ಬರೆದು ಕೈ ಪಳಗಿದವರು, ಪಶುವೈದ್ಯರು, ಓದಿ ಊರಿಗೆ ಮರಳಿದ ತರುಣ ತರುಣಿಯರು ಈ ನಾಲ್ಕು ತಾಲೂಕುಗಳಲ್ಲಿ ಏಳು ಜನರಿಗಿಂತ ಕಡಿಮೆ ಇರುವರೇ? ಕೇಂದ್ರದ ಅಡಿಗಲ್ಲಿಗೆ ದೊಡ್ಡವರ ಬರವನ್ನು ಕಾಯುತ್ತ ಕುಳ್ಳಿರುವ ಕಾರಣವಿಲ್ಲ. ಚಿಂಕಾರಕ್ಕೆ ಮತವಿಲ್ಲ, ಅರ್ಜಿ ಬರೆಯಲು ಬಾರದು, ಉದ್ಘಾಟನೆಗೆ ಅದು ಬರುವದೂ ಇಲ್ಲ. ತನ್ನ ಹೆಸರಿನಲ್ಲಿ ನಡೆದ ಸಭೆಗೆ ಯಾರು ಬಂದರು, ಯಾರು ತಪ್ಪಿಸಿದರು ಎಂದು ಅದು ಕೇಳುವದಿಲ್ಲ. ಕೇಳತಕ್ಕವರು, ಇಂದು ಎರಡನೆಯ ಇಯತ್ತೆಯಲ್ಲಿ ಕುಳಿತಿರುವ ಮಕ್ಕಳು. ಇಪ್ಪತ್ತು ವರ್ಷಗಳ ಮೇಲೆ ಅವರು ಬಂದು, "ಆ ಮಿಗ ಇದ್ದಾಗ ನೀವು ಯಾವ ಮಂಡಳಿಯಲ್ಲಿದ್ದಿರಿ?" ಎಂದು ಕೇಳಿದರೆ, ಅಚ್ಚಾದ ಯಾದಿಯನ್ನು ತೋರಿಸುವದರಿಂದ ಯಾರ ತಲೆಯೂ ಎತ್ತಿ ನಿಲ್ಲಲಾರದು.